ಎತ್ತರದ ದೇಹ, ಓಟದ ಬಲ: ಸಣ್ಣ ಎಸ್‌ಯುವಿಯ ಯಂತ್ರಕೌಶಲ ಮತ್ತು ರಕ್ಷಣೋಪಾಯಗಳು

ಮೋಟಾರು ವಾಹನಗಳ ಚರಿತ್ರೆಯಲ್ಲಿ ಒಂದಕ್ಕೊಂದು ವಿರುದ್ಧವಾದ ಎರಡು ವಂಶಗಳನ್ನು ಗುರುತಿಸಬಹುದು: ನೆಲಕ್ಕೆ ಅಂಟಿಕೊಂಡಂತೆ ತಗ್ಗಾಗಿ, ಹಗುರವಾಗಿ, ವೇಗವೇ ಪರಮಪುರುಷಾರ್ಥವೆಂಬಂತೆ ನಿರ್ಮಿತವಾದ ಓಟದ ಕಾರಿನದು ಒಂದು, ಹಳ್ಳ ದಿಣ್ಣೆಗಳನ್ನೂ ಕೆಸರು ಕಲ್ಲುಗಳನ್ನೂ ದಾಟುವುದಕ್ಕೆಂದು ಎತ್ತರದ ಗಾಲಿಗಳ ಮೇಲೆ ನಿಂತು, ನಿಧಾನವೇ ಪ್ರಧಾನವೆಂದು ಸಾಗುವ ಜೀಪಿನದು ಇನ್ನೊಂದು. ಬಹುಕಾಲ ಒಂದರ ಮುಖವನ್ನೊಂದು ನೋಡದೆ ಬೆಳೆದ ಈ ಎರಡು ವಂಶಗಳು ಕೂಡಿಬಂದುದರ ಫಲವೇ ಇಂದಿನ ಅಧಿಕಶಕ್ತಿಯ ಕಾಂಪ್ಯಾಕ್ಟ್ ಎಸ್‌ಯುವಿ. ಆಡಿಯ ಆರ್‌ಎಸ್ ಕ್ಯೂ೩, ಮರ್ಸಿಡಿಸ್-ಎಎಂಜಿಯ ಜಿಎಲ್‌ಎ ೪೫, ಪೋರ್ಷೆಯ ಮಕಾನ್ ಮೊದಲಾದವು ಈ ವರ್ಗಕ್ಕೆ ಸೇರತಕ್ಕವು. ನಮ್ಮ ದೇಶದಲ್ಲಿ ತೆರಿಗೆಯ ರಿಯಾಯಿತಿಗೆ ಒಳಪಡುವ ನಾಲ್ಕು ಮೀಟರಿನೊಳಗಿನ ವಾಹನಗಳಿಗೂ ಇದೇ ಹೆಸರು ರೂಢಿಯಲ್ಲಿದೆಯಾದರೂ, ಇಲ್ಲಿ ವಿವೇಚಿಸುತ್ತಿರುವುದು ಸುಮಾರು ನಾಲ್ಕೂವರೆ ಮೀಟರು ಉದ್ದದ, ಮುನ್ನೂರು ಅಶ್ವಶಕ್ತಿಯನ್ನು ಮೀರಿದ ವಾಹನಗಳನ್ನು.

ಈ ವರ್ಗದ ಬೆಳವಣಿಗೆಯನ್ನು ವಿವರಿಸುವವರು ಸಾಮಾನ್ಯವಾಗಿ ಎಂಜಿನ್ನಿನ ಬಲವನ್ನು ಒಂದು ಅಧ್ಯಾಯದಲ್ಲಿಯೂ ರಕ್ಷಣೆಯ ಏರ್ಪಾಡುಗಳನ್ನು ಮತ್ತೊಂದರಲ್ಲಿಯೂ ಇಡುವುದುಂಟು. ವಸ್ತುತಃ ಅವೆರಡೂ ಒಂದೇ ಕಥೆಯ ಎಳೆಗಳು. ಎತ್ತರವೆಂಬುದು ಈ ವಾಹನಕ್ಕೆ ಹುಟ್ಟಿನಿಂದ ಬಂದ ದೋಷ. ಆ ದೋಷವನ್ನು ಅಂಕೆಯಲ್ಲಿಡಲು ರೂಪುಗೊಂಡ ಸಾಧನಗಳೇ ಅದಕ್ಕೆ ಅಭಯವನ್ನೂ ವೇಗವನ್ನೂ ಒಟ್ಟಿಗೆ ತಂದುಕೊಟ್ಟಿವೆ.

ದೋಷದ ಸ್ವರೂಪ

ಎಡ ಬಲ ಗಾಲಿಗಳ ನಡುವಣ ಅಗಲದ ಅರ್ಧವನ್ನು ಗುರುತ್ವಕೇಂದ್ರದ ಎತ್ತರದಿಂದ ಭಾಗಿಸಿದರೆ ಬರುವ ಸಂಖ್ಯೆ, ವಾಹನವೊಂದು ಮಗುಚಿಬೀಳುವ ಸಂಭವವನ್ನು ಸ್ಥೂಲವಾಗಿ ಸೂಚಿಸುತ್ತದೆ. ಸಂಖ್ಯೆ ಇಳಿದಷ್ಟೂ ಸಂಭವ ಹೆಚ್ಚು. ಸಾಧಾರಣ ಕಾರಿನಲ್ಲಿ ಇದು ೧.೩ರಿಂದ ೧.೫ರವರೆಗೆ ಇದ್ದರೆ, ಎಸ್‌ಯುವಿಗಳಲ್ಲಿ ೧.೦ರಿಂದ ೧.೩ರವರೆಗೆ ಇಳಿಯುತ್ತದೆ. ಭಿನ್ನಾಂಕದಲ್ಲಿ ಅಲ್ಪವೆಂದು ತೋರುವ ಈ ಅಂತರ ರಸ್ತೆಯ ಮೇಲೆ ಅಲ್ಪವಲ್ಲ. ತಿರುವಿನಲ್ಲಿ ದೇಹವು ಹೊರಗಡೆಗೆ ವಾಲುತ್ತದೆ. ಒಳಗಾಲಿಗಳ ಮೇಲಿನ ಭಾರ ಕಡಿಮೆಯಾಗಿ ನೆಲದ ಹಿಡಿತ ಸಡಿಲುತ್ತದೆ. ಬ್ರೇಕು ಒತ್ತಿದಾಗ ಮೂತಿ ಬಾಗುತ್ತದೆ. ಹಿಂದಿನ ಗಾಲಿಗಳು ಹಗುರಾಗುತ್ತವೆ. ಇಂಥ ದೇಹಕ್ಕೆ ನಾನ್ನೂರು ಅಶ್ವಶಕ್ತಿಯನ್ನು ಕೂಡಿಸುವುದು, ಉಳಿದುದನ್ನೆಲ್ಲ ಹೊಸದಾಗಿ ಯೋಚಿಸದ ಹೊರತು, ಅವಿವೇಕವೇ ಆಗುತ್ತದೆ.

ಚಾಸಿಯಿಂದ ಏಕದೇಹಕ್ಕೆ

೧೯೪೧ರ ವಿಲ್ಲಿಸ್ ಜೀಪೂ, ೧೯೪೮ರಲ್ಲಿ ಆಮ್‌ಸ್ಟರ್‌ಡಾಮಿನ ಪ್ರದರ್ಶನದಲ್ಲಿ ಕಾಣಿಸಿಕೊಂಡ ಲ್ಯಾಂಡ್ ರೋವರೂ ಉಕ್ಕಿನ ಏಣಿಯಂಥ ಚಾಸಿಯ ಮೇಲೆ ಬಾಡಿಯನ್ನು ಕೂರಿಸಿ ಕಟ್ಟಿದವು. ಆ ಕಟ್ಟಡ ಬಲವಾದುದೇನೋ ಹೌದು. ಆದರೆ ಭಾರವಾದದ್ದು, ಎತ್ತರವಾದದ್ದು, ವೇಗದಲ್ಲಿ ತೊನೆಯುವಂಥದ್ದು. ಚಾಸಿಯನ್ನೇ ತೊರೆದು ಬಾಡಿಯೇ ಭಾರವನ್ನು ಹೊರುವ ಏಕದೇಹ ರಚನೆಯನ್ನು ೧೯೭೭ರ ರಷ್ಯದ ಲಾಡಾ ನಿವಾ ಅಳವಡಿಸಿಕೊಂಡಿತು. ೧೯೮೪ರ ಮಾದರಿಯಾಗಿ ಬಂದ ಜೀಪ್ ಚೆರೋಕಿ ಅದನ್ನೇ ಅಮೆರಿಕದಲ್ಲಿ ನೆಲೆಗೊಳಿಸಿತು. ೧೯೯೪ರ ಟೊಯೋಟಾ ರ‍್ಯಾವ್೪ ಇನ್ನೊಂದು ಹೆಜ್ಜೆ ಮುಂದಿಟ್ಟು, ಕಾರಿನ ಭಾಗಗಳನ್ನೇ ಬಳಸಿ, ನಾಲ್ಕು ಗಾಲಿಗಳಿಗೂ ಸ್ವತಂತ್ರ ಸಸ್ಪೆನ್ಷನ್ ಒದಗಿಸಿ, ಜೀಪಿನ ಆಕಾರದೊಳಗೆ ಕಾರಿನ ನಡೆಯನ್ನು ತಂದಿತು. ಅದರ ಹಿಂದೆಯೇ ೧೯೯೫ರಲ್ಲಿ ಹೋಂಡಾ ಸಿಆರ್-ವಿಯೂ ೧೯೯೭ರಲ್ಲಿ ಸುಬಾರು ಫಾರೆಸ್ಟರೂ ಬಂದವು. ಫಾರೆಸ್ಟರಿನ ಎಂಜಿನ್ನು ಎದುರುಬದುರಾಗಿ ಮಲಗಿದ ಸಿಲಿಂಡರುಗಳದಾದುದರಿಂದ ಗುರುತ್ವಕೇಂದ್ರವು ತಾನಾಗಿಯೇ ತಗ್ಗಿತು. ಟರ್ಬೊವೂ ಕೂಡಿದುದರಿಂದ ಈ ವಾಹನವೇ ನಮ್ಮ ವರ್ಗದ ಮೊದಲ ಪೂರ್ವಜರಲ್ಲಿ ಒಂದಾಯಿತು.

ನಾಲ್ಕು ಗಾಲಿಗಳಿಗೆ ಬಲದ ಹಂಚಿಕೆ

ನಾಲ್ಕು ಗಾಲಿಗಳಿಗೂ ಎಂಜಿನ್ನಿನ ಬಲವನ್ನು ಹಂಚುವುದು ಕೆಸರಿಗೆ ಮಾತ್ರವಲ್ಲ, ಡಾಂಬರು ರಸ್ತೆಗೂ ಉಪಯುಕ್ತವೆಂದು ಬಲವಾಗಿ ನಂಬಿದವರಲ್ಲಿ ಟ್ರ್ಯಾಕ್ಟರುಗಳಿಂದ ಪ್ರಸಿದ್ಧನಾದ ಹ್ಯಾರಿ ಫರ್ಗುಸನ್ ಮುಖ್ಯನು. ಅವನ ಸಂಸ್ಥೆಯ ಪದ್ಧತಿಯನ್ನು ಧರಿಸಿ ೧೯೬೬ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಜೆನ್ಸನ್ ಎಫ್‌ಎಫ್ ಎಂಬ ಕಾರಿನಲ್ಲಿ, ವಿಮಾನಗಳಿಂದ ಎರವಲು ಪಡೆದ ಡನ್‌ಲಪ್ ಮ್ಯಾಕ್ಸರೆಟ್ ಎಂಬ, ಗಾಲಿ ಕಚ್ಚಿಕೊಳ್ಳದಂತೆ ತಡೆಯುವ ಬ್ರೇಕಿನ ಏರ್ಪಾಡೂ ಇತ್ತು. ಕೇವಲ ೩೨೦ ಕಾರುಗಳು ತಯಾರಾಗಿ ನಿಂತುಹೋದ ಈ ಪ್ರಯತ್ನದಲ್ಲಿ ಬಲದ ಹಂಚಿಕೆ ಮತ್ತು ಬ್ರೇಕಿನ ವಿವೇಕ ಇವೆರಡೂ ಒಂದೇ ಒಡಲಲ್ಲಿ ಒಟ್ಟಿಗೆ ಕಾಣಿಸಿಕೊಂಡುದು ಗಮನಾರ್ಹವಾದ ಸಂಗತಿ.

ಫರ್ಗುಸನ್ನನ ನಂಬಿಕೆಯನ್ನು ಜನಸಾಮಾನ್ಯರ ಮುಂದೆ ಪ್ರಮಾಣೀಕರಿಸಿದುದು ೧೯೮೦ರ ಜಿನೀವಾ ಪ್ರದರ್ಶನದಲ್ಲಿ ಬೆಳಕಿಗೆ ಬಂದ ಆಡಿ ಕ್ವಾಟ್ರೊ. ಎರಡು ವರ್ಷ ಮೊದಲು ಬಂದಿದ್ದ ಫೋಕ್ಸ್‌ವ್ಯಾಗನ್ ಇಲ್ಟಿಸ್ ಎಂಬ ಸೈನಿಕ ವಾಹನವು, ಅಲ್ಪಶಕ್ತಿಯದಾಗಿದ್ದರೂ, ಹಿಮದ ಮೇಲೆ ಬಲಿಷ್ಠವಾದ ಕಾರುಗಳನ್ನು ಹಿಂದೆ ಹಾಕುವುದನ್ನು ಪರೀಕ್ಷೆಯ ಕಾಲದಲ್ಲಿ ಕಂಡ ಯೋರ್ಗ್ ಬೆನ್ಸಿಂಗರ್ ಎಂಬ ಎಂಜಿನಿಯರನಿಗೆ ಈ ಯೋಚನೆ ಹೊಳೆಯಿತು. ಲಾರಿಗಳಲ್ಲಿರುವಂಥ ಭಾರವಾದ ಪ್ರತ್ಯೇಕ ಗೇರುಪೆಟ್ಟಿಗೆಯಿಲ್ಲದೆ, ಗೇರಿನ ಒಂದು ದಂಡವನ್ನೇ ಟೊಳ್ಳಾಗಿಸಿ, ಆ ಟೊಳ್ಳಿನೊಳಗಿಂದ ಇನ್ನೊಂದು ದಂಡವನ್ನು ಹಾಯಿಸಿ, ಬಲವನ್ನು ಮುಂದಕ್ಕೂ ಹಿಂದಕ್ಕೂ ಏಕಕಾಲದಲ್ಲಿ ಕಳುಹಿಸಿದುದು ಆ ಕಾರಿನ ಜಾಣ್ಮೆ.

ಆದರೆ ಎಂಜಿನ್ನು ಅಡ್ಡಲಾಗಿ ಕೂರುವ ಸಣ್ಣ ವಾಹನಗಳಲ್ಲಿ ಆ ವಿನ್ಯಾಸಕ್ಕೆ ಎಡೆಯಿಲ್ಲ. ಅಲ್ಲಿ ನೆರವಿಗೆ ಬಂದುದು ಸ್ವೀಡನ್ನಿನ ಹ್ಯಾಲ್ಡೆಕ್ಸ್ ಸಂಯೋಜಕ. ೧೯೯೮ರ ಆಡಿ ಟಿಟಿಯಲ್ಲಿ ಇದು ಬಳಕೆಗೆ ಬಂದಿತು. ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚಿನ ತಟ್ಟೆಗಳ ಒಂದು ಕಟ್ಟು ಹಿಂದಿನ ಆಕ್ಸಲಿನ ಮುಂದೆ ಇರುತ್ತದೆ. ಮುಂದಿನ ಗಾಲಿಗಳು ಜಾರಿ ಹಿಂದಿನವಕ್ಕಿಂತ ಬೇಗನೆ ತಿರುಗತೊಡಗಿದೊಡನೆ, ಆ ವೇಗಭೇದವೇ ಎಣ್ಣೆಯನ್ನು ಒತ್ತಿ, ತಟ್ಟೆಗಳನ್ನು ಬಿಗಿಹಿಡಿಸಿ, ಗಾಲಿ ಒಂದು ಸುತ್ತು ಪೂರೈಸುವ ಮುನ್ನವೇ ಬಲವನ್ನು ಹಿಂದಕ್ಕೆ ಸಾಗಿಸುತ್ತದೆ. ಒತ್ತಡ ಎಷ್ಟಿರಬೇಕೆಂಬುದನ್ನು ವಿದ್ಯುನ್ಮಾನ ನಿಯಂತ್ರಕವು ನಿರ್ಧರಿಸುವುದರಿಂದ, ಬ್ರೇಕಿನ ಏರ್ಪಾಡಿನೊಡನೆ ಅದು ಸದಾ ಸಮಾಲೋಚಿಸುತ್ತಲೇ ಇರುತ್ತದೆ. ೨೦೧೦ರ ನಿಸ್ಸಾನ್ ಜೂಕ್ ಹಿಂದಿನ ಎಡ ಬಲ ಗಾಲಿಗಳಿಗೆ ಒಂದೊಂದು ಕ್ಲಚ್ಚನ್ನು ಪ್ರತ್ಯೇಕವಾಗಿ ಇಟ್ಟು, ತಿರುವಿನಲ್ಲಿ ಹೊರಗಾಲಿಗೆ ಹೆಚ್ಚು ಬಲವನ್ನು ನೂಕಿ, ದೇಹವನ್ನು ಒಳಗಡೆಗೆ ತಿರುಗಿಸುವ ಉಪಾಯವನ್ನು ಸಣ್ಣ ಎಸ್‌ಯುವಿಗೆ ತಂದಿತು. ಇತ್ತೀಚಿನ ಜಿಎಲ್‌ಎ ೪೫ ಎಸ್ ವಾಹನದಲ್ಲಿರುವುದೂ ಇಂಥದೇ ಜೋಡಿ ಕ್ಲಚ್ಚು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯಕ. ನಾಲ್ಕು ಗಾಲಿಗಳಿಗೆ ಬಲ ಹಂಚುವುದರಿಂದ ವಾಹನ ಬೇಗ ಹೊರಡುತ್ತದೆಯೇ ಹೊರತು ಬೇಗ ನಿಲ್ಲುವುದಿಲ್ಲ. ನಿಲ್ಲಿಸುವ ಕಾರ್ಯ ಟಯರು ಮತ್ತು ರಸ್ತೆಯ ನಡುವಣ ಘರ್ಷಣೆಯದು, ಈ ನಿಯಮ ಎಲ್ಲ ಕಾರುಗಳಿಗೂ ಸಮಾನ.

ಎಂಜಿನ್ನು ಮತ್ತು ಬ್ರೇಕು

೨೦೧೩ರ ಆರ್‌ಎಸ್ ಕ್ಯೂ೩ ತನ್ನ ಪೂರ್ವಜ ಕ್ವಾಟ್ರೊದಂತೆಯೇ ಐದು ಸಿಲಿಂಡರುಗಳ ಟರ್ಬೊ ಎಂಜಿನ್ನನ್ನು ಹೊತ್ತಿತ್ತು: ೨.೫ ಲೀಟರು, ೩೧೦ ಅಶ್ವಶಕ್ತಿ. ೧-೨-೪-೫-೩ ಎಂಬ ಸರದಿಯಲ್ಲಿ ಉರಿಯುವ ಈ ಎಂಜಿನ್ನಿನ ವಿಶಿಷ್ಟ ಧ್ವನಿಗೆ ಅಭಿಮಾನಿಗಳುಂಟು. ಎಂಜಿನ್ನಿಗಿಂತಲೂ ಅರ್ಥಪೂರ್ಣವಾದ ವಿಷಯವೆಂದರೆ, ಸಾಧಾರಣ ಕ್ಯೂ೩ಗಿಂತ ಅದರ ದೇಹವನ್ನು ೨೫ ಮಿಲಿಮೀಟರು ತಗ್ಗಿಸಿದ್ದರೆಂಬುದು. ಎತ್ತರವನ್ನು ಮಾರುವ ವಾಹನದಲ್ಲಿಯೇ ಎತ್ತರವನ್ನು ಕಳೆಯಬೇಕಾಯಿತು. ೨೦೧೯ರ ಎರಡನೆಯ ಪೀಳಿಗೆಯಲ್ಲಿ ಕಬ್ಬಿಣದ ಬ್ಲಾಕಿನ ಬದಲು ಅಲ್ಯುಮಿನಿಯಂ ಬಂದಿತು, ಶಕ್ತಿ ೪೦೦ಕ್ಕೇರಿತು. ಎಎಂಜಿಯವರು ಎರಡೇ ಲೀಟರಿನ ನಾಲ್ಕು ಸಿಲಿಂಡರುಗಳಿಂದ ೨೦೧೪ರ ಜಿಎಲ್‌ಎ ೪೫ರಲ್ಲಿ ೩೬೦ ಅಶ್ವಶಕ್ತಿಯನ್ನು ಪಡೆದು, ಮುಂದಿನ ಎಂಜಿನ್ನಿನಲ್ಲಿ ೪೨೧ನ್ನು ಮುಟ್ಟಿದರು. ಜರ್ಮನಿಯ ಆಫಾಲ್ಟರ್‌ಬಾಖ್ ಊರಿನ ಕಾರ್ಖಾನೆಯಲ್ಲಿ ಒಂದು ಎಂಜಿನ್ನನ್ನು ಆದ್ಯಂತ ಒಬ್ಬನೇ ಕೆಲಸಗಾರ ಜೋಡಿಸಿ ತನ್ನ ರುಜುವಿನ ಫಲಕವನ್ನು ಅದಕ್ಕೆ ಹಚ್ಚುವ ಪದ್ಧತಿ ಈ ಸಣ್ಣ ಎಂಜಿನ್ನಿಗೂ ಉಂಟು. ೨೦೧೪ರಲ್ಲಿ ಲೈಪ್‌ಸಿಗ್ ನಗರದಿಂದ ಹೊರಟ ಮಕಾನ್ ಟರ್ಬೊ ಆರು ಸಿಲಿಂಡರುಗಳ ೪೦೦ ಅಶ್ವಶಕ್ತಿಯದು. ಅದರ ಹಿಂದಿನ ಟಯರುಗಳು ಮುಂದಿನವಕ್ಕಿಂತ ಅಗಲವಾಗಿದ್ದುದು ಓಟದ ಕಾರಿನ ವಂಶವಾಹಿಯ ಗುರುತು.

ಇಷ್ಟು ಬಲವನ್ನು ನಿಲ್ಲಿಸುವ ಲೆಕ್ಕ ನಿಷ್ಠುರವಾದುದು. ೧,೭೦೦ ಕಿಲೋ ತೂಕದ ವಾಹನವು ಗಂಟೆಗೆ ೧೦೦ ಕಿಲೋಮೀಟರು ವೇಗದಲ್ಲಿದ್ದಾಗ ಅದರ ಚಲನಶಕ್ತಿ ಸುಮಾರು ೬.೫ ಲಕ್ಷ ಜೂಲ್. ವೇಗ ಇಮ್ಮಡಿಸಿದರೆ ಶಕ್ತಿ ನಾಲ್ಮಡಿಯಾಗಿ ೨೬ ಲಕ್ಷಕ್ಕೇರುತ್ತದೆ. ಇದಷ್ಟೂ ಕೆಲವೇ ಸೆಕೆಂಡುಗಳಲ್ಲಿ ಶಾಖವಾಗಿ ಬ್ರೇಕಿನ ತಟ್ಟೆಗಳನ್ನು ಸೇರಿ, ಬಳಿಕ ಗಾಳಿಗೆ ಹೊರಹೋಗಬೇಕಾದುದರಿಂದಲೇ ಈ ವರ್ಗದಲ್ಲಿ ಗಾಳಿಯಾಡುವ ದೊಡ್ಡ ತಟ್ಟೆಗಳೂ, ಕೆಲವೆಡೆ ಸೆರಾಮಿಕ್ ತಟ್ಟೆಗಳೂ ಬಂದಿವೆ.

ಒಂದು ಗಾಲಿಯನ್ನು ಹಿಡಿಯುವ ವಿದ್ಯೆ

ಗಾಲಿ ಕಚ್ಚಿಕೊಳ್ಳದಂತೆ ತಡೆಯುವ, ಬಾಷ್ ಸಂಸ್ಥೆಯ ವಿದ್ಯುನ್ಮಾನ ಎಬಿಎಸ್ ೧೯೭೮ರಲ್ಲಿ ಮರ್ಸಿಡಿಸ್‌ನ ಎಸ್-ಕ್ಲಾಸಿನಲ್ಲಿ ಮೊದಲು ಬಂದಿತು. ಅದರ ಮುಂದುವರಿಕೆಯಾದ, ವಾಹನ ಜಾರಿ ದಾರಿ ತಪ್ಪದಂತೆ ಕಾಯುವ ಇಎಸ್‌ಪಿ ೧೯೯೫ರಲ್ಲಿ. ದುಬಾರಿ ಕಾರುಗಳ ಅಲಂಕಾರವಾಗಿ ಉಳಿಯಬಹುದಾಗಿದ್ದ ಈ ಉಪಕರಣವನ್ನು ಸಾರ್ವತ್ರಿಕಗೊಳಿಸಿದುದು ಒಂದು ಮುಖಭಂಗ. ೧೯೯೭ರ ಅಕ್ಟೋಬರಿನಲ್ಲಿ, ರಸ್ತೆಗೆ ಅಡ್ಡಬಂದ ಕಡವೆಯಂಥ ಪ್ರಾಣಿಯನ್ನು ತಪ್ಪಿಸುವ ರೀತಿಯಲ್ಲಿ ಥಟ್ಟನೆ ಅತ್ತಿತ್ತ ತಿರುಗಿಸುವ ಪರೀಕ್ಷೆಯಲ್ಲಿ, ಸ್ವೀಡನ್ನಿನ ಪತ್ರಿಕೆಯೊಂದರವರ ಕೈಯಲ್ಲಿ ಮರ್ಸಿಡಿಸ್‌ನ ಎತ್ತರವಾದ ಪುಟ್ಟ ಎ-ಕ್ಲಾಸ್ ಮಗುಚಿಬಿದ್ದಿತು. ಮಾರಾಟವನ್ನು ತಡೆಹಿಡಿದ ಸಂಸ್ಥೆಯು ಮರುವರ್ಷ ಪ್ರತಿಯೊಂದು ಎ-ಕ್ಲಾಸಿಗೂ ಇಎಸ್‌ಪಿಯನ್ನು ಅಳವಡಿಸಿಯೇ ಕೊಟ್ಟಿತು. ಎತ್ತರದ ವಾಹನಕ್ಕೆ ಇದು ಅನಿವಾರ್ಯವೆಂಬುದು ಅಂದು ನಿರ್ವಿವಾದವಾಯಿತು.

ಅದು ಕೆಲಸ ಮಾಡುವ ಬಗೆಯನ್ನು ತುಸು ಹತ್ತಿರದಿಂದ ನೋಡೋಣ. ಮಳೆ ನಿಂತ ಹೆದ್ದಾರಿಯಲ್ಲಿ ಎಡಗಡೆಯ ತಿರುವೊಂದನ್ನು ಚಾಲಕನು ಅತಿವೇಗದಿಂದ ಪ್ರವೇಶಿಸಿದನೆನ್ನೋಣ. ಅವನ ಇಚ್ಛೆ ಏನೆಂಬುದನ್ನು ಸ್ಟೀರಿಂಗಿನ ಕೋನವನ್ನು ಅಳೆಯುವ ಸೆನ್ಸರು ಹೇಳುತ್ತದೆ. ವಾಹನ ನಿಜವಾಗಿ ಎಷ್ಟು ತಿರುಗುತ್ತಿದೆ ಎಂಬುದನ್ನು ದೇಹದ ನಡುವಿನಲ್ಲಿರುವ ಇನ್ನೊಂದು ಸೆನ್ಸರು ಹೇಳುತ್ತದೆ. ಈ ಎರಡನ್ನೂ ನಿಯಂತ್ರಕವು ಸೆಕೆಂಡಿಗೆ ಇಪ್ಪತ್ತೈದು ಸಲ ಹೋಲಿಸುತ್ತದೆ. ಮೂತಿ ತಿರುಗಲೊಲ್ಲದೆ ನೇರವಾಗಿ ಜಾರುತ್ತಿದ್ದರೆ ಒಳಬದಿಯ ಹಿಂದಿನ ಗಾಲಿಯೊಂದನ್ನೇ ಬ್ರೇಕು ಹಿಡಿಯುತ್ತದೆ. ಹಿಂಭಾಗವೇ ಹೊರಕ್ಕೆ ಬೀಸುತ್ತಿದ್ದರೆ ಹೊರಬದಿಯ ಮುಂದಿನ ಗಾಲಿಯನ್ನು ಹಿಡಿಯುತ್ತದೆ. ಜಾತ್ರೆಯಲ್ಲಿ ತೇರಿನ ಒಂದು ಗಾಲಿಗೆ ಮಾತ್ರ ಮರದ ದಿಮ್ಮಿ ಕೊಟ್ಟು ಅಷ್ಟೆತ್ತರದ ರಥದ ಮುಖವನ್ನೇ ತಿರುಗಿಸುವ ಅನುಭವಸ್ಥರ ಚಾತುರ್ಯವನ್ನು ಕಂಡವರಿಗೆ ಇದರ ತತ್ತ್ವ ಹೊಸದಲ್ಲ. ಕಾರಿನಲ್ಲಿ ಆ ದಿಮ್ಮಿಯನ್ನು ಕೊಡುವ ಕೈ ಚಾಲಕನಿಗಿಂತ ಮೊದಲೇ ಅಪಾಯವನ್ನು ಅರಿಯುತ್ತದೆ. ೨೦೦೨ರ ವೋಲ್ವೋ ಎಕ್ಸ್‌ಸಿ೯೦ ಇದಕ್ಕೆ, ದೇಹವು ಮಗ್ಗುಲಿಗೆ ವಾಲುವ ವೇಗವನ್ನೂ ಅಳೆಯುವ ಸೆನ್ಸರನ್ನು ಕೂಡಿಸಿತು. ಅಮೆರಿಕದಲ್ಲಿ ೨೦೧೨ರ ಮಾದರಿಗಳಿಂದ ಈ ನಿಯಂತ್ರಣ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾಯಿತು.

ಜಾರುವಿಕೆಯನ್ನು ತಡೆಯುವ ಇದೇ ಸೆನ್ಸರುಗಳೇ, ಇದೇ ಬ್ರೇಕುಗಳೇ, ಒಳಗಾಲಿಯನ್ನು ಲಘುವಾಗಿ ಹಿಡಿದು ವಾಹನವನ್ನು ತಿರುವಿನೊಳಕ್ಕೆ ಚುರುಕಾಗಿ ಎಳೆಯುವ ಕೆಲಸಕ್ಕೂ ಮುಂದೆ ಒದಗಿದವು. ವೇಗವೂ ಅಭಯವೂ ಒಂದೇ ಎಳೆಯವು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಒಡಲಿನ ರಕ್ಷೆ

ಎಲ್ಲ ಉಪಾಯಗಳೂ ಸೋತು ಢಿಕ್ಕಿಯೇ ಸಂಭವಿಸಿದಾಗ ಕಾಯುವುದು ಒಡಲಿನ ರಚನೆ. ಮೂತಿಯೂ ಬಾಲವೂ ನುಗ್ಗಾಗಿ ಆಘಾತವನ್ನು ನುಂಗಬೇಕು, ಜನರಿರುವ ನಡುಭಾಗ ಮಾತ್ರ ಗಟ್ಟಿಯಾಗಿ ನಿಲ್ಲಬೇಕೆಂಬ ತತ್ತ್ವ ಮರ್ಸಿಡಿಸ್‌ನ ಬೇಲಾ ಬರೇನಿಯದು. ಮೂರು ಕಡೆ ಬಿಗಿಯುವ ಸೀಟುಬೆಲ್ಟು ವೋಲ್ವೋದ ನಿಲ್ಸ್ ಬೋಲಿನ್ನನದು. ಎರಡೂ ೧೯೫೯ರಲ್ಲಿ ರಸ್ತೆಗೆ ಬಂದವು. ಗಟ್ಟಿತನಕ್ಕೆ ಬೇಕಾದ ಲೋಹವೂ ಸ್ವೀಡನ್ನಿನ ಕೊಡುಗೆಯೇ: ಅತ್ಯಲ್ಪ ಬೋರಾನ್ ಸೇರಿದ ಉಕ್ಕಿನ ಹಾಳೆಯನ್ನು ಸುಮಾರು ೯೦೦ ಡಿಗ್ರಿಗೆ ಕಾಯಿಸಿ, ಕೆಂಪಗಿರುವಾಗಲೇ ಅಚ್ಚಿನಲ್ಲಿಟ್ಟು ಒತ್ತಿ, ನೀರು ಹರಿಯುವ ಆ ಅಚ್ಚಿನಲ್ಲಿಯೇ ಥಟ್ಟನೆ ತಣಿಸಿದರೆ, ಉಕ್ಕಿನ ಎಳೆತದ ಬಲ ೧,೫೦೦ ಮೆಗಾಪ್ಯಾಸ್ಕಲ್‌ವರೆಗೆ ಏರುತ್ತದೆ. ೧೯೮೪ರ ಸಾಬ್ ಕಾರಿನ ಬಾಗಿಲಲ್ಲಿ ಮೊದಲು ಬಳಕೆಯಾದ ಈ ಉಕ್ಕು ಇಂದು ಸಣ್ಣ ಎಸ್‌ಯುವಿಗಳ ಕಂಬಗಳಲ್ಲಿಯೂ ಮಾಡಿನ ಅಂಚಿನಲ್ಲಿಯೂ ಇದೆ. ಬಲವಾದ ಕಂಬ ತೆಳುವಾಗಬಹುದು, ತೆಳುವಾದರೆ ಮೇಲಿನ ಭಾರ ಇಳಿಯುತ್ತದೆ, ಗುರುತ್ವಕೇಂದ್ರ ತಗ್ಗುತ್ತದೆ.

ಇಂಥ ರಚನೆಯನ್ನು ಪರೀಕ್ಷೆಗೊಡ್ಡಿ ತಯಾರಕರನ್ನು ಎಚ್ಚರಿಸಿದುದು ಸ್ವತಂತ್ರ ಸಂಸ್ಥೆಗಳು: ೧೯೯೭ರಿಂದ ಯೂರೋ ಎನ್‌ಕ್ಯಾಪ್, ಅಮೆರಿಕದಲ್ಲಿ ವಿಮಾ ಸಂಸ್ಥೆಗಳ ಐಐಎಚ್‌ಎಸ್. ಮೂತಿಯ ಕಾಲುಭಾಗ ಮಾತ್ರ ತಗಲುವಂತೆ ಗುದ್ದಿಸುವ ಕಠಿನ ಪರೀಕ್ಷೆಗೆ ೨೦೧೩ರಲ್ಲಿ ಒಳಗಾದ ಹದಿಮೂರು ಸಣ್ಣ ಎಸ್‌ಯುವಿಗಳಲ್ಲಿ ಉತ್ತಮವೆಂಬ ಶ್ರೇಣಿಯನ್ನು ಪಡೆದುದು ಫಾರೆಸ್ಟರ್ ಒಂದೇ. ಢಿಕ್ಕಿಯನ್ನೇ ತಪ್ಪಿಸುವ ದಿಕ್ಕಿನಲ್ಲಿ ೨೦೦೮ರ ವೋಲ್ವೋ ಎಕ್ಸ್‌ಸಿ೬೦ ದಾರಿ ತೋರಿಸಿತ್ತು. ಮುಂಗಾಜಿನ ಹಿಂದಿನ ಲೇಸರು ಎದುರಿನ ವಾಹನವನ್ನು ಕಂಡು, ೩೦ ಕಿಲೋಮೀಟರಿನೊಳಗಿನ ವೇಗದಲ್ಲಿ, ಚಾಲಕ ಮೈಮರೆತಾಗ ತಾನೇ ಬ್ರೇಕು ಹಾಕುತ್ತಿತ್ತು.

ಬೆಂಗಳೂರಿನ ಪಾಲು, ಮುಂದಿನ ಹಾದಿ

ಇಂಥ ವಾಹನದ ಗುಣ ಈಗ ಬಹುಪಾಲು ತಂತ್ರಾಂಶದಲ್ಲಿ ನೆಲೆಸಿರುವುದರಿಂದ, ಅದರ ಒಂದಂಶ ನಮ್ಮ ರಾಜ್ಯದಲ್ಲಿಯೂ ರೂಪುಗೊಳ್ಳುತ್ತದೆ. ಮರ್ಸಿಡಿಸ್-ಬೆಂಜ್ ೧೯೯೬ರಿಂದ ಬೆಂಗಳೂರಿನಲ್ಲಿ ಸಂಶೋಧನ ಕೇಂದ್ರವನ್ನು ನಡೆಸುತ್ತಿದೆ. ಬಾಷ್ ಸಂಸ್ಥೆಯ ತಂತ್ರಾಂಶ ಶಾಖೆಯೂ ಇಲ್ಲಿಯೇ ಇದೆ. ೨೦೨೩ರ ಅಕ್ಟೋಬರಿನಿಂದ ಭಾರತ್ ಎನ್‌ಕ್ಯಾಪ್ ಕಾರ್ಯಾರಂಭ ಮಾಡಿರುವುದರಿಂದ ನಮ್ಮ ಗ್ರಾಹಕರೂ ಮೈಲೇಜಿನ ಜೊತೆಗೆ ಸುರಕ್ಷತೆಯ ನಕ್ಷತ್ರಗಳನ್ನು ಎಣಿಸತೊಡಗಿದ್ದಾರೆ.

ವಿದ್ಯುನ್ಮಾನದ ಮಹತ್ವ ಎಷ್ಟು ಬೆಳೆದಿದೆಯೆಂದರೆ, ೨೦೨೪ರಲ್ಲಿ ಯೂರೋಪು ಒಕ್ಕೂಟದಲ್ಲಿ ಪೆಟ್ರೋಲ್ ಮಕಾನಿನ ಮಾರಾಟ ನಿಂತುದಕ್ಕೆ ಕಾರಣ ಎಂಜಿನ್ನಿನ ಹೊಗೆಯೂ ಅಲ್ಲ, ಬ್ರೇಕಿನ ದೋಷವೂ ಅಲ್ಲ. ಅದರ ಹಳೆಯ ವಿದ್ಯುನ್ಮಾನ ವ್ಯವಸ್ಥೆ ಹೊಸ ಸೈಬರ್ ಭದ್ರತಾ ನಿಯಮಗಳಿಗೆ ಹೊಂದಲಿಲ್ಲ. ಅದೇ ವರ್ಷ ಬಂದ ವಿದ್ಯುತ್ ಮಕಾನಿನಲ್ಲಿ ಬ್ಯಾಟರಿಯು ನೆಲಹಾಸಿನಡಿಯೇ ಇರುವುದರಿಂದ ಎತ್ತರದ ಹಳೆಯ ದೋಷಕ್ಕೆ ಕೊನೆಗೂ ಒಂದು ಸಹಜವಾದ ಪರಿಹಾರ ದೊರೆತಿದೆ. ಆದರೆ ಅದರ ಟರ್ಬೊ ಮಾದರಿಯ ತೂಕ ಎರಡು ಟನ್ನುಗಳನ್ನು ಮೀರಿದೆ. ಎತ್ತರ ಹೋದ ಸ್ಥಾನಕ್ಕೆ ಭಾರ ಬಂದಿದೆ. ಎತ್ತರ ಬಹುಮಟ್ಟಿಗೆ ಒಳಗಿದ್ದವರಿಗೆ ಅಪಾಯವಾಗಿದ್ದರೆ, ಭಾರ ಎದುರಿನಿಂದ ಬರುವ ಸಣ್ಣ ಕಾರಿನವನಿಗೆ ಅಪಾಯ. ಎದುರಿನ ವಾಹನಕ್ಕೆ ಎಷ್ಟು ಪೆಟ್ಟಾಗುತ್ತದೆಂಬುದನ್ನು ೧,೪೦೦ ಕಿಲೋ ತೂಕದ ಚಲಿಸುವ ತಡೆಗೋಡೆಯಿಂದ ೨೦೨೦ರಿಂದೀಚೆಗೆ ಯೂರೋ ಎನ್‌ಕ್ಯಾಪ್ ಅಳೆಯುತ್ತಿರುವುದು ಇದನ್ನು ಅರಿತೇ. ಒಳಗೆ ಕುಳಿತವರನ್ನು ಕಾಯುವ ವಿದ್ಯೆಯಲ್ಲಿ ಈ ವರ್ಗ ಪಾರಂಗತವಾಗಿದೆ. ಮುಂದೆ ಯಾವ ತಯಾರಕನು ಇಷ್ಟೇ ವೇಗವನ್ನು ಇದಕ್ಕಿಂತ ಕಡಿಮೆ ತೂಕದಲ್ಲಿ ಕೊಡಬಲ್ಲನೋ ಅವನೇ ಈ ಕ್ಷೇತ್ರದ ನಿಜವಾದ ಮುಂದಾಳೆಂದು ಹೇಳಬೇಕಾಗುತ್ತದೆ.