ಗುಣಿ ತೆಗೆದ ಮನೆತನಗಳು, ತೋಟಿ ಇನಾಂ ಜಮೀನು

ಊರಲ್ಲಿ ಸಾವಾದರೆ ಗುಣಿ ಯಾರು ತೆಗೆಯಬೇಕೆಂದು ಹಿಂದೆ ಯಾರೂ ಕೇಳುತ್ತಿರಲಿಲ್ಲ. ಅದು ಯಾವ ಮನೆತನದ ಕೆಲಸವೆಂದು ಊರಿಗೇ ಗೊತ್ತಿತ್ತು.

19ನೇ ಶತಮಾನದಲ್ಲಿ ನಮ್ಮ ತಿಪಟೂರು ಸೀಮೆಗೆ ಹೊನ್ನವಳ್ಳಿಯೇ ತಾಲ್ಲೂಕು ಕೇಂದ್ರ. ಆಗ ಮೈಸೂರು ಸಂಸ್ಥಾನದ ಹಳ್ಳಿಗಳನ್ನು ನಡೆಸುತ್ತಿದ್ದವರು ಹನ್ನೆರಡು ಆಯಗಾರರು. ಗೌಡ, ಶಾನುಭೋಗರಿಂದ ಹಿಡಿದು ಕಮ್ಮಾರ, ಬಡಗಿ, ಅಗಸ, ತಳವಾರ, ನೀರಗಂಟಿ, ತೋಟಿಯವರೆಗೆ ಎಲ್ಲವೂ ಅಪ್ಪನಿಂದ ಮಗನಿಗೆ ಬರುತ್ತಿದ್ದ ಕೆಲಸ.

ಸಾವಿನ ಚಾಕರಿ ಬಿದ್ದದ್ದು ತೋಟಿಕೆ ಮಾಡುತ್ತಿದ್ದ ದಲಿತ ಮನೆತನಗಳ ಮೇಲೆ. ನೆಂಟರ ಊರುಗಳಿಗೆ ನಡೆದು ಸುದ್ದಿ ಮುಟ್ಟಿಸಬೇಕು, ತಮಟೆ ಬಡಿಯಬೇಕು, ಗುಣಿ ತೆಗೆದು ಮುಚ್ಚಬೇಕು. ಇದಕ್ಕೆ ದಿನಗೂಲಿ ಇರಲಿಲ್ಲ. ಸುಗ್ಗಿಯಲ್ಲಿ ಕಣದ ಬಳಿ ಸಿಗುವ ರಾಗಿಯ ಆಯ, ಜೊತೆಗೆ ಒಂದಿಷ್ಟು ಇನಾಂ ಜಮೀನು, ಅಷ್ಟೇ. ಒಲ್ಲೆ ಎನ್ನುವಂತಿರಲಿಲ್ಲ. ಹೆಣಕ್ಕೆ ಗುಣಿ ತೆಗೆದವರು ಆ ಮನೆಯ ಹೊಸಿಲು ದಾಟುವಂತೆಯೂ ಇರಲಿಲ್ಲ.

1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರ ಫೆಬ್ರವರಿ 1ರಂದು ಜಾರಿಗೆ ಬಂತು. ವಂಶಪಾರಂಪರ್ಯದ ಹುದ್ದೆಗಳು ಹೋದವು. ಇನಾಂ ಜಮೀನು ಅದೇ ಮನೆತನಗಳಿಗೆ ಮರುಮಂಜೂರಾಗುವ ದಾರಿ ತೆರೆಯಿತು. 1978ರ ತಿದ್ದುಪಡಿ, ಹಾಗೆ ಬಂದ ಜಮೀನನ್ನು 15 ವರ್ಷ ಪರಭಾರೆ ಮಾಡದಂತೆ ತಡೆಯಿತು.

ಆದ್ದರಿಂದ ಹಳೆಯ ಪಹಣಿಯಲ್ಲಿ 'ತೋಟಿ ಇನಾಂ' ಎಂಬ ಮಾತು ಕಂಡರೆ ಸುಮ್ಮನೆ ದಾಟಿ ಹೋಗಬೇಡಿ. ಮರುಮಂಜೂರಾತಿ ಯಾರ ಹೆಸರಿಗಾಯಿತು, ಜಮೀನು ಈಗ ಯಾರ ಕೈಯಲ್ಲಿದೆ ಎಂದು ನೋಡಿ. ಅಲ್ಲಿ ಇಂದು ತೆಂಗು ನಿಂತಿರಬಹುದು. ಆದರೆ ಆ ನೆಲ ನಮ್ಮ ಹಿರಿಯರನ್ನೆಲ್ಲ ಮಣ್ಣು ಮಾಡಿದ ಕೈಗಳಿಗೆ ಸಂದ ಕೂಲಿ.