ರೋಗದ ಸುದ್ದಿಯೂ ಪೇಟೆಯ ಧಾರಣೆಯೂ

ಬನಹಟ್ಟಿಯ ಓಣಿಯೊಂದರಲ್ಲಿ ಹಗಲು ಹೊತ್ತು ನಡೆದು ನೋಡಿರಿ. ಮನೆಮನೆಯಿಂದ ಮಗ್ಗದ ಸಪ್ಪಳ ಕೇಳಿಬರುತ್ತದೆ. ಊರವರಿಗೆ ಆ ಸಪ್ಪಳ ಕಿವಿಗೆ ಬೀಳುವುದು ಅದು ನಿಂತಾಗ ಮಾತ್ರ. 2020ನೆಯ ಇಸವಿಯ ಮಾರ್ಚ್ ಕೊನೆಯ ವಾರ ಕೊರೊನಾದ ದೆಸೆಯಿಂದ ದೇಶವೇ ಬಾಗಿಲು ಹಾಕಿದಾಗ ಹಾಗೆ ನಿಂತಿತು. ಅದೇ ವಾರದ ಸೋಮವಾರ, 23ರಂದು, ಮುಂಬಯಿ ಶೇರು ಪೇಟೆಯ ಸೂಚ್ಯಂಕವು ಒಂದೇ ದಿನ 3,934 ಅಂಶ, ಅಂದರೆ ನೂರಕ್ಕೆ 13ರಷ್ಟು, ಕುಸಿದಿತ್ತು. ರೋಗ ಒಂದೇ, ಆದರೆ ಪೇಟೆಯ ಅಂಜಿಕೆ ಬೇರೆ, ನೇಕಾರನ ಅಂಜಿಕೆ ಬೇರೆ. ಹೇಗೆಂಬುದನ್ನು ಅರಿಯಲು ತುಸು ಹಿಂದಕ್ಕೆ ಹೋಗೋಣ.

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಸುಮಾರು ಎಂಟೂವರೆ ಲಕ್ಷ ಜನರ ನಗರವನ್ನು ಕೆಲವೇ ತಿಂಗಳಲ್ಲಿ 3,80,000ದಷ್ಟು ಮಂದಿ ಬಿಟ್ಟು ಹೋದರು. ಗಿರಣಿಗಳಿಗೆ ಆಳು ಸಿಗದೆ, ಗಿರಣಿಯವರು ಬೀದಿಯ ಮೂಲೆಯಲ್ಲಿ ನಿಂತು ದಿನಗೂಲಿಯನ್ನು ಹರಾಜಿನಂತೆ ಕೂಗಬೇಕಾಯಿತು! 1898ಕ್ಕೆ ರೋಗ ಹುಬ್ಬಳ್ಳಿ-ಧಾರವಾಡಗಳಲ್ಲಿತ್ತು. ಜಮಖಂಡಿಯಲ್ಲಿ ಆಗ ಪಟವರ್ಧನರ ಆಳ್ವಿಕೆ, ಮುಧೋಳದಲ್ಲಿ ಘೋರ್ಪಡೆಯವರದು. ಬೀಳಗಿ ಇಂಗ್ಲಿಷರ ವಿಜಾಪುರ ಜಿಲ್ಲೆಗೆ ಸೇರಿತ್ತು. ಸರಹದ್ದುಗಳು ಎಷ್ಟಿದ್ದರೇನು, ರೋಗಕ್ಕೂ ಧಾರಣೆಗೂ ಅವು ಅಡ್ಡ ಬರುವುದಿಲ್ಲ.

1918ರ ಇನ್‌ಫ್ಲುಯೆಂಜಾ ಇನ್ನೂ ಘೋರವಾದುದು. ಅಕ್ಟೋಬರ್ 6ರ ಒಂದೇ ದಿನ ಮುಂಬಯಿಯಲ್ಲಿ 768 ಜನ ಸತ್ತರು. ಮುಂಬಯಿ ಪ್ರಾಂತದ ಸಾವು ಹತ್ತು ಲಕ್ಷದ ಆಸುಪಾಸು. ಮಳೆಯೂ ಕೈಕೊಟ್ಟ ವರ್ಷವದು. ಆದರೂ ಹತ್ತಿಯ ವ್ಯಾಪಾರಿಗಳ ಕಿವಿ ಇದ್ದದ್ದು ಯುದ್ಧದ ತಂತಿಗಳ ಕಡೆಗೆ. ಅರಿವೆಯ ಬೆಲೆ ಯುದ್ಧದಿಂದ ಏರಿ, ಹತ್ತಿಯ ಸಟ್ಟಾ ಮಿತಿಮೀರಿ, ಸರಕಾರವು ಅದೇ ವರ್ಷ ಎರಡಕ್ಕೂ ಕಡಿವಾಣ ಹಾಕಬೇಕಾಯಿತು. ಇಷ್ಟೊಂದು ಹೆಣ ಬಿದ್ದರೂ ಪೇಟೆಯ ಲಕ್ಷ್ಯ ಬೇರೆಡೆಗಿತ್ತು ಎಂಬುದು ಕೇಳಲು ಕಠೋರ, ಆದರೆ ನಿಜ.

ಈಗ ಮತ್ತೆ 2020ಕ್ಕೆ ಬನ್ನಿರಿ. ಪೇಟೆ ಕುಸಿದ ಆ ಸೋಮವಾರ ನಮ್ಮ ದೇಶದಲ್ಲಿ ಕೊರೊನಾದಿಂದ ಸತ್ತವರು ಹತ್ತರ ಆಸುಪಾಸು. ಮತ್ತೇಕೆ ಅಷ್ಟು ದಿಗಿಲು? ಮುಂದೇನೆಂದು ಯಾರಿಗೂ ತಿಳಿಯದ್ದರಿಂದ. ವಿದೇಶಿ ಹೂಡಿಕೆದಾರರು ಆ ಒಂದೇ ತಿಂಗಳಲ್ಲಿ ಸುಮಾರು 60,000 ಕೋಟಿ ರೂಪಾಯಿಗಳ ಶೇರು ಮಾರಿದರು. ಧಾರಣೆ ಎಷ್ಟು ಹೊಯ್ದಾಡಬಹುದೆಂದು ಪೇಟೆ ಅಂದಾಜಿಸುವ ‘ಇಂಡಿಯಾ ವಿಕ್ಸ್’ ಎಂಬ ಅಂಕಿಯೊಂದಿದೆ. ಜನವರಿಯಲ್ಲಿ 15ರ ಸುತ್ತ ಇದ್ದದ್ದು ಮಾರ್ಚ್ 24ಕ್ಕೆ 80 ದಾಟಿತು.

ಮುಧೋಳದ ಕಬ್ಬಿಗೂ ಇದರ ಬಿಸಿ ಬಳಸುದಾರಿಯಿಂದ ಬಂತು. ವಾಹನಗಳು ನಿಂತವು, ಎಣ್ಣೆ ಅಗ್ಗವಾಯಿತು. ಕಬ್ಬಿನ ರಸದಿಂದ ಇಂಧನ ಮಾಡುವ ಬ್ರೆಜಿಲ್ ದೇಶದ ಕಾರಖಾನೆಗಳು ಸಕ್ಕರೆಯತ್ತ ಹೊರಳಿದವು. ಫೆಬ್ರವರಿಯಲ್ಲಿ ಪೌಂಡಿಗೆ 15 ಸೆಂಟು ಇದ್ದ ಜಾಗತಿಕ ಸಕ್ಕರೆ ಧಾರಣೆ ಏಪ್ರಿಲ್ ಕೊನೆಗೆ 10ರ ಕೆಳಗಿಳಿಯಿತು. ಕಬ್ಬಿಗೆ ಸರಕಾರ ಗೊತ್ತುಮಾಡಿದ ಬೆಲೆ, ಕ್ವಿಂಟಲಿಗೆ 275 ರೂಪಾಯಿ, ಇತ್ತೆನ್ನಿ. ಬೆಲೆ ಇದ್ದೀತು, ಬಾಕಿ ಕೈಗೆ ಬರಬೇಕಲ್ಲ!

ರಬಕವಿ-ಬನಹಟ್ಟಿಯ ಸೀರೆಗೆ ಅಂಥ ಗೊತ್ತಾದ ಬೆಲೆಯೂ ಇಲ್ಲ. ಹಿಂದಿನ ಆಗಸ್ಟಿನಲ್ಲಷ್ಟೇ ಕೃಷ್ಣೆ-ಘಟಪ್ರಭೆಯರ ಮಹಾಪೂರ ಈ ಸೀಮೆಯನ್ನು ಹಣ್ಣು ಮಾಡಿತ್ತು. ಈಗ ಮದುವೆಯ ಸುಗ್ಗಿಯೇ ತಪ್ಪಿತು. ಮೇ 6ರಂದು ರಾಜ್ಯ ಸರಕಾರ ಕೈಮಗ್ಗದ ನೇಕಾರರಿಗೆ 2,000 ರೂಪಾಯಿ ಘೋಷಿಸಿತು. ಒಂದು ಸಂಸಾರಕ್ಕೆ ಅದು ಎಷ್ಟು ದಿನದ ಜೋಳವೆಂದು ನೀವೇ ಲೆಕ್ಕ ಹಾಕಿರಿ.

ಪೇಟೆ ಬೇಗ ಚೇತರಿಸಿತು. 2021ರ ಫೆಬ್ರವರಿ 3ರಂದು ಸೂಚ್ಯಂಕ 50,000ದ ಮೇಲೆ ನಿಂತಿತು. ಆ ಬೇಸಿಗೆಯಲ್ಲಿ ರೋಗ ಎರಡನೆಯ ಸಲ ಉಕ್ಕಿ, ಮೇ ತಿಂಗಳಲ್ಲಿ ಸರಕಾರಿ ಲೆಕ್ಕದಂತೆಯೇ ಕೆಲವು ದಿನ 4,000ಕ್ಕಿಂತ ಹೆಚ್ಚು ಜನ ಸತ್ತರು. ಆಗ ‘ವಿಕ್ಸ್’ 30ನ್ನೂ ಮುಟ್ಟಲಿಲ್ಲ. ರೋಗ ಪೇಟೆಗೆ ಪರಿಚಿತವಾಗಿಬಿಟ್ಟಿತ್ತು. ಬನಹಟ್ಟಿಯಲ್ಲಿ ಮಾತ್ರ ಎರಡನೆಯ ಮದುವೆಯ ಸುಗ್ಗಿಯೂ ಕೈತಪ್ಪಿತು.