ಹಂಪಿಯ ಮ್ಯಾಂಗೋ ಟ್ರೀ ಹೋಟೆಲ್ ಮತ್ತು ನಮ್ಮ ರೋಡ್ ಪಕ್ಕದ ಹೊಲ

ಈ ಸಲ ಹತ್ತಿ, ತೊಗರಿ ಬಿಟ್ಟು ಒಂದು ಹೋಟೆಲಿನ ಬಗ್ಗೆ ಬರೀತೀನಿ. ಅದಕ್ಕ ಕಾರಣ ಅದ. ನಮ್ಮಣ್ಣನ ಮಗ ಚಂದ್ರಬಂಡದಿಂದ ರಾಯಚೂರಿಗೆ ಹೋಗೋ ರೋಡಿನ ಮಗ್ಗಲು ಇರೋ ನಮ್ಮ ಹೊಲದಾಗ, ಬೇವಿನ ಮರದ ಕೆಳಗ ಖಾನಾವಳಿ ಹಾಕ್ತೀನಿ ಅಂತ ಹಠ ಹಿಡಿದು ಕುಂತಾನ. "ಕಾಕಾ, ಹಂಪಿಯೊಳಗ ಮ್ಯಾಂಗೋ ಟ್ರೀ ಇರಲಿಲ್ಲೇನು? ಒಂದು ಮಾವಿನ ಮರದ ಕೆಳಗ ಎಷ್ಟು ಹೆಸರು ಮಾಡಿದ್ರು!" ಅಂದ. ಇತ್ತಪ್ಪಾ, ಇತ್ತು. ಆದ್ರ ಆ ಕಥಿ ಅರ್ಧಾನ ಅವನಿಗೆ ಗೊತ್ತು.

ನಾನು ಅಲ್ಲಿಗೆ ಮೊದಲ ಸಲ ಹೋಗಿದ್ದು ಹುಲಿಗೆಮ್ಮನ ದರ್ಶನ ಮುಗಿಸಿಕೊಂಡು ಬರುವಾಗ. ವಿರೂಪಾಕ್ಷ ಗುಡಿಯಿಂದ ಹೊಳಿ ದಂಡಿಗುಂಟ ನಡಕೊಂಡು, ಬಾಳೆ ತೋಟದ ನಡುವಿನ ಕಾಲುದಾರಿ ಹಿಡಿದು ಹೋಗಬೇಕಿತ್ತು. ಬೋರ್ಡು ನೋಡದಿದ್ರ ಯಾರದೋ ತೋಟಕ್ಕ ಹೊಕ್ಕೀವಿ ಅಂತಾನ ಅನಿಸೋದು. ದೊಡ್ಡದೊಂದು ಮಾವಿನ ಮರ, ಕೊಂಬೆಗೆ ಕಟ್ಟಿದ ಜೋಕಾಲಿ, ಹೊಳಿ ಕಡೆ ಇಳಿಜಾರಿನಾಗ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಜಾಗ. ಚಪ್ಪಲಿ ಹೊರಗ ಬಿಟ್ಟು ಚಾಪೆ ಮ್ಯಾಲ ಕುಂತು, ತುಂಗಭದ್ರೆ ನೋಡ್ತಾ ಉಣ್ಣಬೇಕು. ಒಂದು ಮನೆತನದವರು ನಡೆಸುತ್ತಿದ್ದ ಸಸ್ಯಾಹಾರಿ ಹೋಟೆಲ್. ನಾನು ಅನ್ನ ಸಾರು ಉಂಡೆ. ಪಕ್ಕದಾಗ ಕುಂತ ವಿದೇಶದವರು ದೋಸೆಯಂಥದ್ದಕ್ಕ ಜೇನುತುಪ್ಪ ಹಾಕ್ಕೊಂಡು ತಿಂತಿದ್ರು. ಖರೆ ಹೇಳಬೇಕಂದ್ರ ಊಟಕ್ಕಿಂತ ಜಾಗಾನ ರುಚಿ ಇತ್ತು.

ಹಂಪಿ ಸುತ್ತಿನ ಬಾಳೆ ತೋಟಕ್ಕ ಇವತ್ತಿಗೂ ನೀರು ಕೊಡೋದು ವಿಜಯನಗರದ ಅರಸರ ಕಾಲದ ತುರ್ತು ಕಾಲುವೆ. ನಮ್ಮ ಎಡದಂಡೆ ಕಾಲುವೆಯ ಕೊನೆ ಭಾಗದವರಿಗೆ ಇದನ್ನ ಓದಿದ್ರ ಹೊಟ್ಟೆ ಉರಿಬೇಕು. ಐದುನೂರು ವರ್ಷದ ಹಿಂದೆ ಪೋರ್ಚುಗಲ್‌ನ ದೊಮಿಂಗೊ ಪಾಯಸ್ ಅನ್ನೋನು ಅಲ್ಲಿನ ಸಂತೆಯಾಗ ಕಾಳುಕಡಿ, ಹಣ್ಣು, ಕೋಳಿ ರಾಶಿ ಬಿದ್ದಿದ್ದನ್ನ ಬರೆದಿಟ್ಟಾನ. ನಗರ ಹಾಳಾದ ಮ್ಯಾಲೂ ತೋಟ ಉಳೀತು. ಎಷ್ಟೋ ಕಾಲದ ಮ್ಯಾಲ ಪರದೇಶದವರು ಬರಾಕ ಹತ್ತಿದಾಗ ಬಜಾರಿನ ಕಲ್ಲು ಮಂಟಪದಾಗ ವಾಸ ಇದ್ದ ಮಂದಿ ಚಹಾದಂಗಡಿ ಇಟ್ರು, ಮನಿಯೊಳಗಿನ ಒಂದು ಕೋಣೆ ಬಾಡಿಗೆಗೆ ಕೊಟ್ರು.

1986ರಲ್ಲಿ ಹಂಪಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಊರಿಗೆ ಹೆಸರು ಬಂತು, ಗಿರಾಕಿ ಬಂದ್ರು, ಅದರ ಬೆನ್ನಿಗೆ ಕಾಯ್ದೆಯೂ ಬಂತು. 1999ರಲ್ಲಿ, ಹೊಳಿಗೆ ಕಟ್ಟುತ್ತಿದ್ದ ಸೇತುವೆ ಸಲುವಾಗಿ, ಯುನೆಸ್ಕೊ ಹಂಪಿಯನ್ನ ಅಪಾಯದಲ್ಲಿರೋ ತಾಣಗಳ ಪಟ್ಟಿಗೆ ಹಾಕ್ತು, 2006ರಲ್ಲಿ ತೆಗೀತು. ಆ ನಡುವೆ ಸರ್ಕಾರ 2002ರ ಕಾಯ್ದೆ ಮಾಡಿ ಹಂಪಿ ಪ್ರಾಧಿಕಾರ ಕಟ್ಟಿತು.

2011ರ ಜುಲೈ 29ಕ್ಕೆ ಬಜಾರಿಗೆ ಜೆಸಿಬಿ ಬಂತು. ಅಲ್ಲೇ ಹುಟ್ಟಿ ಬೆಳೆದ ಕುಟುಂಬಗಳ ಮನಿ, ಅಂಗಡಿ ನೆಲಕ್ಕ ಬಿದ್ದವು. ಅವರಿಗೆ ಕಡ್ಡಿರಾಂಪುರದ ಕಡೆ ಜಾಗ ತೋರಿಸಿದ್ರು. ಮಂಟಪ ಉಳಿಸಬೇಕು ಅನ್ನೋದು ಸರಿ. ನನಗೂ ಗುಡಿ ಬೇಕು, ಕಲ್ಲು ಬೇಕು. ಆದ್ರ ಗಿರಾಕಿ ಇರೋದು ಗುಡಿ ಮುಂದ, ಅಂಗಡಿ ಇಡಬೇಕಾದದ್ದು ಕಡ್ಡಿರಾಂಪುರದಾಗ ಅಂದ್ರ ಹೊಟ್ಟಿಗೆ ಏನು ಮಾಡಬೇಕು? ಈ ಪ್ರಶ್ನೆಗೆ ಯಾರೂ ನನಗ ಸಮಾಧಾನದ ಉತ್ತರ ಕೊಟ್ಟಿಲ್ಲ.

ಅದರ ನಂತರದ ವರ್ಷಗಳಾಗ ಮ್ಯಾಂಗೋ ಟ್ರೀ ಸಹ ಹೊಳಿ ದಂಡಿ ಬಿಡಬೇಕಾಯ್ತು. ಈಗ ಅದು ಜನತಾ ಪ್ಲಾಟಿನಾಗ ಅದ. ಹೆಸರು ಅದೇ, ಕೆಳಗ ಕುಂತು ಉಣ್ಣೋ ಪದ್ಧತಿಯೂ ಅದೇ, ಗಿರಾಕಿಯೂ ಬರ್ತಾರ. ಮಾವಿನ ಮರದ ಹೆಸರಿನ ಹೋಟೆಲಿಗೆ ಆ ಮರದ ನೆರಳು ಮಾತ್ರ ಇಲ್ಲ. ಹೆಸರನ್ನ ಎತ್ತಿಕೊಂಡು ಹೋಗಬಹುದು, ಹೊಳಿಯನ್ನ ಹ್ಯಾಂಗ ಎತ್ತಿಕೊಂಡು ಹೋಗ್ತಾರ?

ಹೊಳಿಯ ಆಚೆ ದಂಡಿ, ಗಂಗಾವತಿ ತಾಲೂಕಿನ ವಿರೂಪಾಪುರ ಗಡ್ಡಿಯ ಕಥಿ ನಮಗ ಇನ್ನೂ ಹತ್ತಿರದ್ದು. ಭತ್ತದ ಗದ್ದಿ ನಡುವೆ ಗುಡಿಸಲು, ಹೋಟೆಲ್, ರೆಸಾರ್ಟ್ ಎದ್ದಿದ್ದವು. ಈ ಜಾಗ ಸಂರಕ್ಷಿತ ಪ್ರದೇಶದಾಗ ಬರಂಗಿಲ್ಲ ಅಂತ ಮಾಲೀಕರು ಕೋರ್ಟಿಗೆ ಹೋದ್ರು. ಸರ್ಕಾರದ ಕಡೆ 1988ರ ಅಧಿಸೂಚನೆ ಇತ್ತು. ಹೈಕೋರ್ಟಿನಾಗ ಸೋತು ಸುಪ್ರೀಂ ಕೋರ್ಟಿಗೆ ಹೋದ್ರು; 2020ರ ಫೆಬ್ರುವರಿ 11ಕ್ಕೆ ಅಲ್ಲೂ ಸೋತ್ರು. ಮಾರ್ಚ್ ತಿಂಗಳಾಗ ಎಲ್ಲಾ ಕೆಡವಿದ್ರು. ಹತ್ತಿಪ್ಪತ್ತು ವರ್ಷದ ದುಡಿಮಿ, ಕಟ್ಟೋ ಮೊದಲು ನೋಡಬೇಕಿದ್ದ ಒಂದು ಹಾಳಿ.

ನಮ್ಮ ಹೊಲದಾಗ ವಿಜಯನಗರದ ಮಂಟಪ ಇಲ್ಲ ಬಿಡ್ರಿ. ಆದ್ರ ಪಹಣಿಯಾಗ ಅದು ಖುಷ್ಕಿ ಜಮೀನು. 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಮು ಪ್ರಕಾರ ಎನ್.ಎ. ಆಗದ ಹೊಲದಾಗ ಹೋಟೆಲ್ ಕಟ್ಟಾಕ ಬರಂಗಿಲ್ಲ. ರೋಡಿನಿಂದ ಎಷ್ಟು ಜಾಗ ಬಿಡಬೇಕು ಅನ್ನೋದನ್ನ ಬೇರೇನ ಕೇಳಬೇಕು. ಇಷ್ಟು ಹೇಳಿದ ಮ್ಯಾಲ ಹುಡುಗ ಎರಡು ದಿನ ನನ್ನ ಜೋಡಿ ಮಾತಾಡಲಿಲ್ಲ. ಮೂರನೇ ದಿನ ತಾನಾಗೇ ಪಹಣಿ, ನಕಾಶೆ ತೆಗೆಸಿಕೊಂಡು ಬಂದ.

ಸೋಮವಾರ ಇಬ್ಬರೂ ರಾಯಚೂರಿಗೆ ಹೊಂಟೀವಿ. ನಿಮ್ಮಾಗ ಯಾರಾದ್ರೂ ಇತ್ತೀಚಿಗೆ ಎನ್.ಎ. ಮಾಡಿಸಿದ್ರ ಎಷ್ಟು ಖರ್ಚು ಬಂತು, ಎಷ್ಟು ದಿನ ಹಿಡೀತು ತಿಳಿಸ್ರಿ. ಅಲ್ಲಿ ತನಕ ಬೇವಿನ ಮರಕ್ಕ ಬೋರ್ಡಿನ ಮೊಳೆ ಹೊಡಿಬ್ಯಾಡ ಅಂತ ಹೇಳೀನಿ.